ಸ್ವಾತಿ ಮಳೆಯಲ್ಲಿ ಬಚ್ಚಿಟ್ಟ ಮಗ್ಗ

ನಡೆದದ್ದು ಇಷ್ಟೇ. ಆ ವರ್ಷ ನಮ್ಮ ಬೀದಿಯ ಎಣಿಕೆ ಕೆಟ್ಟದ್ದು ಮಳೆಯಿಂದಲ್ಲ, ಟ್ಯಾಬಿನಿಂದಲ್ಲ, ಎಣಿಸಲು ಬಂದ ಹೆಣ್ಣುಮಗಳಿಂದಲೂ ಅಲ್ಲ. ನನ್ನಿಂದ. ಮಿಕ್ಕವರು ಬೇರೆ ಏನೇನೋ ಹೇಳುತ್ತಾರೆ. ಹೇಳಿಕೊಳ್ಳಲಿ.

ಹೋದ ವಾರ ಹಿತ್ತಲಲ್ಲಿ ಮಗ ರೇಷ್ಮೆ ಬೇಯಿಸುತ್ತಿದ್ದ. ಹಸಿ ರೇಷ್ಮೆಗೆ ಒಂದು ಅಂಟು ಇರುತ್ತದೆ. ಸೋಪು, ಸೋಡ ಹಾಕಿ ಕುದಿಸಿದರೆ ಬಿಡುತ್ತದೆ. ಅದರ ಹಬೆಯ ವಾಸನೆ ಒಲೆ ಮುಂದೆ ಒದ್ದೆ ನಾಯಿ ಮಲಗಿದ ಹಾಗೆ. ಮದುವೆಯಾಗಿ ಈ ಮನೆಗೆ ಬಂದ ದಿನ ಮೂಗು ಮುಚ್ಚಿಕೊಂಡೆ, ಆಮೇಲೆ ಮುಚ್ಚಿಕೊಳ್ಳುವುದು ಮರೆತೆ. ಅದೇ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಕೊರಳಲ್ಲಿ ಕಾರ್ಡು, ಕೈಯಲ್ಲಿ ಮೊಬೈಲು. "ಅಜ್ಜಿ, ಎಣಿಕೆಗೆ ಬಂದಿವ್ನಿ" ಎಂದಳು. ಆ ವಾಸನೆ, ಆ ಮಾತು ಎರಡೂ ಒಟ್ಟಿಗೆ ಬಂದವು. ನಾಲ್ಕು ವರ್ಷದ ಹಿಂದಿನ ಸ್ವಾತಿ ಮಳೆ ಎದುರಿಗೆ ಬಂದು ಕೂತಿತು.

ನಮ್ಮದು ಕೊಳ್ಳೇಗಾಲದ ನೇಕಾರರ ಬೀದಿ. ಪಡಸಾಲೆಯಲ್ಲಿ ದೇವರ ಪಟ ಇರುತ್ತದೋ ಇಲ್ಲವೋ, ಮಗ್ಗ ಇರುತ್ತದೆ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ತುಳಿಯುವ ಮಗ್ಗ. ಸ್ವಾತಿಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತು ಅನ್ನುತ್ತಾರೆ. ನಮ್ಮ ಬೀದಿಗೆ ಬಿದ್ದರೆ ಗುಂಡಿಯಲ್ಲಿ ನೀರು. ತೇವಕ್ಕೆ ಎಳೆ ಸಡಿಲುತ್ತದೆ, ತುಳಿಯುವವನ ಕಾಲು ಮರಗಟ್ಟುತ್ತದೆ. ಆ ವರ್ಷ ಚಿತ್ತೆ ಮಳೆಯೇ ಜೋರು, ಸ್ವಾತಿ ಅದರ ಮೇಲೆ. ಹತ್ತು ಹನ್ನೆರಡು ದಿನ ಇಡೀ ಬೀದಿ ಉಸಿರು ಕಟ್ಟಿಕೊಂಡು ಕೂತಿತ್ತು. ಒಂದು ಮಗ್ಗವೂ ಆಡಲಿಲ್ಲ.

ಆ ಮಳೆಯಲ್ಲಿ ಲಲಿತ ಬಂದಳು. ಯಳಂದೂರು ಕಡೆಯವಳು, ಮೂವತ್ತೈದರ ಹೆಂಗಸು. ಎಣಿಕೆ ಆಫೀಸಿನಲ್ಲಿ ಆರು ವರ್ಷದಿಂದ ಕಾಂಟ್ರಾಕ್ಟು. ಗಂಡ ಇಲ್ಲ, ಮಗಳು ಹಾಸ್ಟೆಲಿನಲ್ಲಿ. ಟ್ಯಾಬನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಸೂರಿನ ಕೆಳಗೆ ನಿಂತಿದ್ದಳು. ತಲೆಯಿಂದ ನೀರು ಇಳಿಯುತ್ತಿತ್ತು.

"ಒಳಕ್ ಬಾ ಮಗ. ಆ ಮಿಷಿನ್ನು ನೆಂದು ಕೆಟ್ಟೋದ್ರೆ ನಿನ್ನ ಬೈತರೆ" ಎಂದೆ.

ಕಾಫಿ ಕುಡಿಯುತ್ತಾ ಹೇಳಿದಳು. ದೇಶದಲ್ಲಿ ಜನ ಎಷ್ಟು, ಬೆಳೆ ಎಷ್ಟು, ಯಾರು ಏನು ಕೆಲಸ ಮಾಡುತ್ತಾರೆ ಎಂದು ಎಣಿಸುವ ದೊಡ್ಡ ಏರ್ಪಾಟು ಒಂದಿದೆಯಂತೆ. ಅದು ಹಳೆಯದಾಗಿದೆ, ಹೊಸ ಹಣ ಹಾಕಬೇಕು. ಯಾವುದಕ್ಕೆ ಮೊದಲು ಹಾಕುವುದು, ಯಂತ್ರಕ್ಕೋ, ಕಟ್ಟಡಕ್ಕೋ, ಜನಕ್ಕೋ ಅನ್ನುವುದು ಮೇಲಿನವರಿಗೆ ಗೊತ್ತಾಗಿಲ್ಲ. ಅದಕ್ಕೇ ಮೊದಲು ಮೂರು ಕಡೆ ಎಣಿಸಿ ನೋಡುತ್ತಿದ್ದಾರೆ: ಕೊಳ್ಳೇಗಾಲದಲ್ಲಿ ಮಗ್ಗ, ಯಳಂದೂರಿನಲ್ಲಿ ಭತ್ತ, ಹನೂರಿನ ಕಾಡಂಚಿನಲ್ಲಿ ಮನೆ. ಮೂರು ಕಡೆಯಲ್ಲೂ ಇವಳ ಪಾಲಿಗೆ ಒಂದಿಷ್ಟು.

"ಅಮ್ಮ, ಯಾವ ಮನೇಲೂ ಬಾಗ್ಲು ತೆಗೀತಿಲ್ಲ. ನೀವು ಒಸಿ ಜೊತೇಲಿ ಬಂದ್ರೆ ತೆಗೀತಾರಂತೆ."

"ನಾನು ಬಂದ್ರೆ ಬಾಗ್ಲು ತಗೀತರೆ. ಬಾಯಿ ತಗೀತರೋ ಇಲ್ವೋ, ಅದು ಬೇರೆ" ಎಂದೆ.

ಬಾಯಿ ಯಾಕೆ ತೆಗೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ಒಬ್ಬ ಗಂಡಸು ಬಂದು ಮನೆ ಮನೆಯ ಮಗ್ಗ ಬರೆದುಕೊಂಡು ಹೋಗಿದ್ದ. ನಾಲ್ಕು ತಿಂಗಳಿಗೆ ಎದುರುಮನೆ ತಾಯಮ್ಮನ ರೇಷನ್ ಕಾರ್ಡು ರದ್ದಾಯಿತು. ಆ ಪಟ್ಟಿಗೂ ಈ ಕಾರ್ಡಿಗೂ ಸಂಬಂಧ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಬೀದಿಗೆ ಮಾತ್ರ ಗೊತ್ತಿತ್ತು. ತಾಯಮ್ಮ ಎರಡು ವರ್ಷ ಆಫೀಸು ತಿರುಗಿ ಕಾರ್ಡು ವಾಪಸು ತಂದಳು, ಅಷ್ಟರಲ್ಲಿ ಅವಳ ಮೂರು ಮಗ್ಗ ಹೋಗಿ ಒಂದು ಉಳಿದಿತ್ತು.

ಸಂಜೆ ನಲ್ಲಿ ಹತ್ತಿರ ಹೆಂಗಸರನ್ನು ಸೇರಿಸಿದೆ. ನನ್ನ ಸೊಂಟದಲ್ಲಿ ಯಾವಾಗಲೂ ಎಲೆಯಡಿಕೆ ಚೀಲ ಇರುತ್ತದೆ. ಬಾಯಿಗೆ ದಾರ ಇರುವ ಬಟ್ಟೆ ಚೀಲ, ನಮ್ಮ ಅತ್ತೆಯದು. ಅದನ್ನು ತೋರಿಸಿ ಹೇಳಿದೆ:

"ನಾಳೆ ಆ ಹುಡುಗಿ ಮಗ್ಗ ಎಷ್ಟು ಅಂತ ಕೇಳ್ದಾಗ ನನ್ನ ಕೈ ನೋಡಿ. ದಾರ ಒಂದು ಸಲ ಬಿಚ್ಚಿದ್ರೆ ಒಂದು ಕಮ್ಮಿ ಯೋಳಿ. ಎರಡು ಸಲ ಬಿಚ್ಚಿದ್ರೆ ಎರಡು ಕಮ್ಮಿ."

ತಾಯಮ್ಮ ಕೊಡ ಇಳಿಸಿ ಕೇಳಿದಳು. "ಅಕ್ಕ, ನಮ್ಮನೇಲಿ ಇರದೇ ಒಂದು. ನೀನು ಬಿಚ್ಚಿದ್ರೆ ನಾನೇನ್ ಮಾಡ್ಲಿ?"

"ನಿಮ್ಮನೇಲಿ ಎಲೆ ಆಕಲ್ಲ ಬುಡು."

ಎರಡು ದಿನ ಬೀದಿ ಸುತ್ತಿದೆವು. ಬಾಗಿಲು ತೆರೆಯುತ್ತಿತ್ತು. ಲಲಿತ ಕೇಳುತ್ತಿದ್ದಳು, ಅವರು ಅವಳ ಮುಖ ನೋಡದೆ ನನ್ನ ಸೊಂಟ ನೋಡುತ್ತಿದ್ದರು. ನಾನು ದಾರ ಬಿಚ್ಚುತ್ತಿದ್ದೆ. ಬಿಚ್ಚಿದ ಮೇಲೆ ತಿನ್ನದೆ ಇದ್ದರೆ ಅನುಮಾನ ಬರುತ್ತದಲ್ಲ, ಹಾಗಾಗಿ ದಾರ ಬಿಚ್ಚಿದ ಮನೆಯಲ್ಲೆಲ್ಲ ಒಂದು ಎಲೆ. ಎರಡನೇ ದಿನ ಸಂಜೆಗೆ ನಾಲಿಗೆ ಸುಣ್ಣಕ್ಕೆ ಸುಟ್ಟು ಅನ್ನ ರುಚಿಸಲಿಲ್ಲ.

"ಅಮ್ಮ, ಇಷ್ಟು ಎಲೆ ಆಕಬ್ಯಾಡಿ, ಹಲ್ಲು ಓಯ್ತವೆ" ಎಂದಳು ಲಲಿತ.

"ಹಲ್ಲು ಎಲ್ಲದೆ ಓಗಕೆ" ಎಂದೆ.

ಮಳೆಯೂ ನನ್ನ ಕಡೆಯೇ ಇತ್ತು. ಒಳಗೆ ಮಗ್ಗ ಆಡುತ್ತಿದ್ದರೆ ಶಬ್ದ ಸುಳ್ಳು ಹೇಳಲು ಬಿಡುತ್ತಿರಲಿಲ್ಲ. ನಮ್ಮ ಮನೆಯ ಮೂರು ಮಗ್ಗ ಒಂದಾಯಿತು. ಹಿಂದಿನ ಕೋಣೆಯ ಬಾಗಿಲಿಗೆ ಸೊಸೆ ಗೋಣಿಚೀಲ ಒರಗಿಸಿದ್ದಳು.

ಇನ್ನೊಂದು ಪ್ರಶ್ನೆ ಇತ್ತು. ಮನೆಯ ಪ್ರತಿಯೊಬ್ಬರಿಗೂ: ಏನು ಕೆಲಸ? ಅದಕ್ಕೆ ನಾನು ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ. ಆದರೂ ಎಲ್ಲ ಮನೆಯಲ್ಲೂ ಹೆಂಗಸರು ಒಂದೇ ಉತ್ತರ ಕೊಟ್ಟರು. ತಾಯಮ್ಮ ರಾಟೆ ತಿರುಗಿಸುತ್ತಾ, ಲಾಳಿಯೊಳಗೆ ಕೂರುವ ಸಣ್ಣ ಕಂಡಿಕೆಗೆ ನೂಲು ಸುತ್ತುತ್ತಲೇ, "ಏನೂ ಇಲ್ಲ, ಮನೇಲೇ ಇರದು" ಎಂದಳು.

"ಮತ್ತೆ ಇದೇನಕ್ಕ ಕೈಲಿ?" ಎಂದು ಲಲಿತ ಕೇಳಿದಳು.

"ಇದಾ? ಕಂಡಿಕೆ."

"ಇದು ಕೆಲ್ಸ ಅಲ್ವಾ?"

"ಕೆಲ್ಸ ಅಂದ್ರೆ ಅವ್ರು ನೇಯದು. ನಾವು ಸುತ್ತಿ ಕೊಡ್ತೀವಿ, ಅಷ್ಟೇಯ."

ನನ್ನ ಸರದಿ ಬಂದಾಗ ನಾನೂ ಅದನ್ನೇ ಹೇಳಿದೆ. ಮನೆಯಲ್ಲೇ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟು, ತವರಲ್ಲಿ ಹತ್ತಿ ನೂಲಿನ ರಾಟೆ ಹಿಡಿದವಳು ನಾನು. ಮಗ್ಗದ ವಿಚಾರ ಬೇಕೆಂದೇ ಸುಳ್ಳು ಹೇಳಿದ್ದು. ಇದು ಸುಳ್ಳು ಎಂದು ನನಗೇ ತಿಳಿದಿರಲಿಲ್ಲ.

ಮಳೆ ಎರಡು ದಿನ ಬಿಟ್ಟಿತು. ಲಲಿತ ಯಳಂದೂರಿನ ಗದ್ದೆ ಕೆಲಸಕ್ಕೆ ಹೊರಟಳು. ಅಮಾವಾಸ್ಯೆ, ಹೇಗೂ ಮಗ್ಗಕ್ಕೆ ರಜೆ. ಅವಳ ತಾಯಿಯ ಮನೆಯಲ್ಲಿ ಊಟ ಎಂದು ನನ್ನನ್ನೂ ಕರೆದಳು. ಅಲ್ಲಿ ಮಾಡಬೇಕಾದದ್ದು ಇಷ್ಟು: ಗದ್ದೆಯೊಳಗೆ ಯಾವ ಜಾಗ ಎಂದು ಟ್ಯಾಬು ಹೇಳುತ್ತದೆ. ಅಲ್ಲಿ ನಾಲ್ಕು ಗೂಟ ಹೊಡೆದು, ಹಗ್ಗ ಕಟ್ಟಿ, ಒಳಗಿನ ಭತ್ತವನ್ನು ಮಾತ್ರ ಕೊಯ್ದು, ಬಡಿದು, ತೂಗಬೇಕು. ಅದರಿಂದ ಇಡೀ ಸೀಮೆಯ ಬೆಳೆ ಗೊತ್ತಾಗುತ್ತದಂತೆ. ಒಂದು ಅಗುಳು ಹಿಸುಕಿ ಅನ್ನ ಬೆಂದಿತೇ ಎಂದು ನೋಡಿದ ಹಾಗೆ.

ಗದ್ದೆಯ ಯಜಮಾನ ಮಲ್ಲಪ್ಪ. ವಿಭೂತಿ, ಬಿಳಿ ಅಂಗಿ, ಸ್ಥಿತಿವಂತ. ಬದುವಿನ ಮೇಲೆ ನಿಂತು ಗೋಗರೆದ.

"ಅಲ್ಯಾಕವ್ವ? ಅಲ್ಲಿ ಪೈರು ಸೊಗಸಾಗಿ ನಿಂತದೆ. ಆ ಸೊರಗಿದ ಮೂಲೇಲಿ ಹಗ್ಗ ಇಡಿ. ಜಾಸ್ತಿ ತೂಗಿದ್ರೆ ನಾಳೆ ವಿಮೆ ಕೊಡಕಿಲ್ಲ ಕಣವ್ವ."

"ನಂಬರು ಎಲ್ಲಿ ಬಂತೋ ಅಲ್ಲೇ ಇಡ್ಬೇಕು ಮಾವ."

ಎಳನೀರು ತರಿಸಿದ. ಅವಳು ಕುಡಿದಳು. ಬಾಯಿ ಒರೆಸಿಕೊಂಡು, ಮೊಣಕಾಲಿನ ತನಕ ಕೆಸರಿಗಿಳಿದು, ಹಗ್ಗವನ್ನು ಮೊದಲು ಹೇಳಿದ ಜಾಗದಲ್ಲೇ ಹಿಡಿದಳು. ಮಲ್ಲಪ್ಪ ನನ್ನ ಕಡೆ ತಿರುಗಿ, "ಏನವ್ವ, ನಿನ್ನ ಮಗಳು ಕಲ್ಲು" ಎಂದ. ನನ್ನ ಮಗಳಲ್ಲ ಎನ್ನಬೇಕೆಂದಿದ್ದವಳು, ಅವಳು ಬದುವಿನಲ್ಲಿ ಬಿಟ್ಟ ಚಪ್ಪಲಿ ಎತ್ತಿಕೊಂಡೆ. ನಾನು ಅವಳಿಗೆ ಏನು ಮಾಡಿದ್ದೇನೆ ಎಂಬುದು ಆಗ ಮೊದಲ ಸಲ ತಲೆಗೆ ಬಂತು. ಲಲಿತಳ ಅಮ್ಮ ಒಳ್ಳೆಯ ಹುರುಳಿ ಬಸ್ಸಾರು ಮಾಡಿದ್ದಳು. ಉಣ್ಣುವಾಗಲೂ ಅದೇ ಯೋಚನೆ.

ಆಮೇಲೆ ಹನೂರಿನ ಕಡೆ. ಅಲ್ಲಿಗೂ ನಾನು ಬೇಕಾಯಿತು, ಯಾಕೆಂದರೆ ಅಲ್ಲಿನವರ ಬಾಯಲ್ಲಿ ಅರ್ಧ ತಮಿಳು. ನನ್ನ ಅವ್ವ ಗಡಿಯಾಚೆಯವಳು, ನನಗೆ ಬರುತ್ತದೆ. ಮಾರ್ಟಳ್ಳಿಯಲ್ಲಿ ಬಸ್ಸಿಳಿದು ಕಾಡಿನಂಚಿಗೆ ನಡೆದೆವು. ಏರು. ನಡುವೆ ಎರಡು ಸಲ ಕೂತೆ. ದೊಡ್ಡಿ ಸಿಕ್ಕಿತು, ಕಾಡಂಚಿನ ಪುಟ್ಟ ಊರಿಗೆ ಅಲ್ಲಿ ಹಾಗನ್ನುತ್ತಾರೆ. ಏಳೇ ಮನೆ. ಆಡು, ಕೋಳಿ, ಬಾಗಿಲ ಮುಂದೆ ಒಣಹಾಕಿದ ರಾಗಿ ತೆನೆ.

ನಮ್ಮನ್ನು ನೋಡಿದ್ದೇ ಪೊನ್ನಮ್ಮ ಎಂಬ ಹೆಂಗಸು ಓಡಿ ಬಂದಳು. ನನ್ನ ವಯಸ್ಸು ಇರಬಹುದು. ಎಣಿಸುವವರು ಎಂದು ಗೊತ್ತಾದ ಮೇಲೆ ಲಲಿತಳ ಕೈಯನ್ನೇ ಹಿಡಿದುಕೊಂಡಳು.

"ಎಳುದಿಕ್ಕ ಅಮ್ಮಾ. ಎಂಗ ವೀಡು, ಅಂದ ವೀಡು, ಎಲ್ಲಾಮೇ ಎಳುದಿಕ್ಕ."

ಬರೆದುಕೋ, ನಮ್ಮ ಮನೆ, ಆ ಮನೆ, ಎಲ್ಲವನ್ನೂ ಬರೆದುಕೋ ಅನ್ನುತ್ತಿದ್ದಾಳೆ ಎಂದು ಲಲಿತಳಿಗೆ ಹೇಳಿದೆ. ಹಿಂದೆ ಎಣಿಸಲು ಬಂದವರು ಏರು ಹತ್ತದೆ ಕೆಳಗಿನ ಊರಲ್ಲೇ ನಿಂತು ಬರೆದುಕೊಂಡು ಹೋಗಿದ್ದರಂತೆ. ಪಟ್ಟಿಯಲ್ಲಿ ಈ ದೊಡ್ಡಿಯೇ ಇಲ್ಲ. ಪಟ್ಟಿಯಲ್ಲಿ ಇಲ್ಲದ ಊರಿಗೆ ನರ್ಸಮ್ಮ ಬರುವುದಿಲ್ಲ. ಪೊನ್ನಮ್ಮನ ಸೊಸೆಗೆ ಎಂಟು ತಿಂಗಳು. ಸೂಜಿಗೆ, ಮಾತ್ರೆಗೆ ಆ ಏರನ್ನು ಇಳಿದು ಹತ್ತಬೇಕು. ನಾನು ಎರಡು ಸಲ ಕೂತ ಏರು.

ಪೊನ್ನಮ್ಮ ಸೊಸೆಯ ಹೊಟ್ಟೆ ತೋರಿಸಿ, ಇದನ್ನೂ ಸೇರಿಸು ಎಂದಳು.

"ಹುಟ್ಟದೆ ಇರದ ಬರೆಯಂಗಿಲ್ಲ ಅಂತ ಯೋಳಿ ಅಮ್ಮ" ಎಂದಳು ಲಲಿತ.

ಹೇಳಿದೆ. ಪೊನ್ನಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು. ನಿಮ್ಮೂರಲ್ಲಿ ನಿಮ್ಮನ್ನ ಸರಿಯಾಗಿ ಬರೆದುಕೊಂಡರಾ?

ನನ್ನ ಕೈ ಅಭ್ಯಾಸಬಲದಿಂದ ಸೊಂಟದ ಚೀಲಕ್ಕೆ ಹೋಗಿತ್ತು. ಬರೆದುಕೊಂಡರು ಎಂದೆ. ಲಲಿತಳಿಗೆ ತಮಿಳು ಬರುವುದಿಲ್ಲ, ಅದೊಂದು ಪುಣ್ಯ. ಬಸ್ಸಿನಲ್ಲಿ ವಾಪಸು ಬರುವಾಗ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ನನಗೆ ಬರಲಿಲ್ಲ. ಅಲ್ಲಿ ಇಲ್ಲದ್ದನ್ನು ಸೇರಿಸು ಅನ್ನುತ್ತಾರೆ, ಇಲ್ಲಿ ಇದ್ದದ್ದನ್ನು ಬಚ್ಚಿಡುತ್ತೇವೆ, ನಡುವೆ ಈ ಹೆಂಗಸು ಹಗ್ಗ ಹಿಡಿದುಕೊಂಡು ಓಡಾಡುತ್ತಾಳೆ. ಇಷ್ಟು ಯೋಚನೆ ಬಂತು. ಬಂದರೂ ಬಾಯಿ ಬಿಡಲಿಲ್ಲ. ಸೀಟು ಬಿಟ್ಟು ಎದ್ದು ಹೇಳುವಷ್ಟು ದೊಡ್ಡವಳಲ್ಲ ನಾನು.

ಮೂರು ದಿನ ಕಳೆದು ಬಿಸಿಲು ಬಿತ್ತು. ಚೆನ್ನಾಗಿ ಕಾದ ಬಿಸಿಲು. ಗುಂಡಿಯ ನೀರು ಮೊಗೆದು, ಬೂದಿ ಹಾಕಿ ಒರೆಸಿ, ಬಿಟ್ಟುಹೋದ ದಿನಗಳನ್ನೆಲ್ಲ ಒಂದೇ ಸಲ ನೇಯುವವರಂತೆ ಬೀದಿಗೆ ಬೀದಿಯೇ ಮಗ್ಗಕ್ಕೆ ಇಳಿಯಿತು. ಆವತ್ತೇ ದೊಡ್ಡ ಸಾಹೇಬರು ಬಂದರು. ದಪ್ಪ ಕನ್ನಡಕ, ಹಳೆಯ ಚಪ್ಪಲಿ, ಇನ್ನೇನು ರಿಟೈರು ಆಗುವ ವಯಸ್ಸು. ಹಣ ಯಾವುದಕ್ಕೆ ಮೊದಲು ಎಂದು ಮೇಲಕ್ಕೆ ಬರೆದು ಕಳಿಸಬೇಕಾದವರು ಅವರೇ. ಜೊತೆಗೆ ಲಲಿತ, ಅವಳ ಮೇಲಿನ ಸೂಪರ್‌ವೈಸರ್ ನಾಗೇಶ.

ಸಾಹೇಬರು ಯಾವ ಬಾಗಿಲನ್ನೂ ತಟ್ಟಲಿಲ್ಲ. ಬೀದಿಯ ನಡುವೆ ನಿಂತು ಕಣ್ಣು ಮುಚ್ಚಿದರು. ಎರಡು ಹೆಜ್ಜೆ ಇಟ್ಟು ಮತ್ತೆ ನಿಂತರು. ಬೆರಳು ಮಡಚುತ್ತಿದ್ದರು. ನಾನು ಜಗುಲಿಯಿಂದ ನೋಡುತ್ತಿದ್ದೆ. ಒಂದೊಂದು ಮಗ್ಗಕ್ಕೆ ಒಂದೊಂದು ದನಿ. ತುಳಿಯುವವನ ಕಾಲು, ಮರದ ವಯಸ್ಸು, ಎಲ್ಲ ಅದರಲ್ಲಿರುತ್ತದೆ. ನನಗೆ ಕಣ್ಣು ಕಟ್ಟಿದರೂ ಯಾರ ಮನೆಯ ಮುಂದಿದ್ದೇನೆ ಎಂದು ಹೇಳಬಲ್ಲೆ. ಈ ಮನುಷ್ಯ ಅದನ್ನು ಎಲ್ಲಿ ಕಲಿತನೋ. ನಮ್ಮ ಮನೆಯ ಮುಂದೆ ನಿಂತಾಗ ಮೂರು ಬೆರಳು ಮಡಚಿದರು. ಆಮೇಲೆ ಟ್ಯಾಬು ನೋಡಿದರು. ಅದರಲ್ಲಿ ಒಂದು.

ಬೀದಿಯ ಕೊನೆಯಲ್ಲಿ ನಾಗೇಶ ಲಲಿತಳಿಗೆ ಕೂಗಿ ಹೇಳಿದ್ದು ಮಗ್ಗದ ಸದ್ದಿನ ನಡುವೆಯೂ ನನಗೆ ಕೇಳಿಸಿತು.

"ಯಾವ ಮರದ ಕೆಳಗೆ ಕೂತ್ಕೊಂಡು ತುಂಬಿದೆ? ಮಳೆ ಅಂತ ಮನೆಯೊಳಗೇ ಹೋಗಿಲ್ಲ ಅಲ್ವಾ? ಈ ವಾರ ನಿನ್ನ ಹೆಸರು ತೆಗೀತೀನಿ. ಇಲ್ಲಿ ತೆಗೆದ್ರೆ ಬೇರೆ ಯಾವ ಎಣಿಕೆಗೂ ತಗೊಳಲ್ಲ, ಗೊತ್ತಿರ್ಲಿ."

ಅವಳು ಅಳಲಿಲ್ಲ. ಟ್ಯಾಬಿನ ಗಾಜನ್ನು ಸೆರಗಿನಿಂದ ಮೂರು ಸಲ ಒರೆಸಿದಳು, ಅಲ್ಲಿ ಏನೂ ಅಂಟಿರಲಿಲ್ಲ. ನಮ್ಮ ಮನೆಯಲ್ಲಿಟ್ಟಿದ್ದ ಕೊಡೆ ತೆಗೆದುಕೊಳ್ಳಲು ಬಂದು ಕೇಳಿದಳು.

"ಕೂತ್ಕಂಡು ಬರ್ದೆ ಅಂತವ್ರೆ ಅಮ್ಮ. ನೀವೇ ಜೊತೇಲಿ ಇದ್ರಲ್ಲ?"

"ಇದ್ದೆ" ಎಂದೆ.

ಒಳಗೆ ಮೂರು ಮಗ್ಗ ಆಡುತ್ತಿದ್ದವು. ಅವಳು ಕೇಳಿಸಿಕೊಂಡಳು. ನನ್ನ ಸೊಂಟದ ಚೀಲ ನೋಡಿದಳು. ಕೊಡೆ ತೆಗೆದುಕೊಂಡು ಹೊರಟುಹೋದಳು. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದೆ. ಬೈಯಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಎಣಿಕೆ ಆಫೀಸಿನಲ್ಲಿ ಒಂದು ಸಭೆ. ಮೂರು ತಾಲ್ಲೂಕಿನ ಎಣಿಕೆಯವರು, ಕೆಲವು ಆಫೀಸಿನವರು, ದಾರಿ ತೋರಿಸಿದ ನಮ್ಮಂಥವರು. ಮೇಜಿನ ಮೇಲೆ ನಾಲ್ಕು ಸ್ಟೀಲು ತಟ್ಟೆ, ಮುಂದೆ ಚೀಟಿ: ಯಂತ್ರ, ಕಟ್ಟಡ, ಮೇಲಿಂದ ತೆಗೆಯುವ ಫೋಟೋ, ಜನ. ಸಾಹೇಬರು ಎಲ್ಲರ ಕೈಗೂ ಹತ್ತು ಹತ್ತು ಹುಣಸೆಬೀಜ ಕೊಟ್ಟರು.

"ಸರ್ಕಾರದ ಹಣ ಅಂದರೆ ಒಂದೇ ತಪ್ಪಲೆ ಅನ್ನ. ಪಂಕ್ತಿ ಉದ್ದ ಇದೆ. ಯಾರಿಗೆ ಮೊದಲು ಬಡಿಸಬೇಕು, ನೀವು ಹಾಕಿ ತೋರಿಸಿ" ಎಂದರು.

ಬೀಜ ಬಿದ್ದವು. ಯಂತ್ರದ ತಟ್ಟೆ ತುಂಬಿತು. ಫೋಟೋ ತಟ್ಟೆಗೂ ಬಿತ್ತು. ಜನದ ತಟ್ಟೆಯಲ್ಲಿ ಆರೋ ಏಳೋ. ನಾಗೇಶ ಎದ್ದು ಹೇಳಿದ.

"ಸಾರ್, ಜನಕ್ಕೆ ಹಾಕೋದು ದಂಡ. ಕೊಳ್ಳೇಗಾಲದ ಬೀದೀನೇ ನೋಡಿದ್ರಲ್ಲ. ಕಾಂಟ್ರಾಕ್ಟಿನವರು ಕೂತಲ್ಲೇ ತುಂಬ್ತಾರೆ. ಮೇಲಿಂದ ಫೋಟೋ ತೆಗೆದ್ರೆ ಸುಳ್ಳಿಗೆ ಜಾಗ ಇರಲ್ಲ."

ಲಲಿತ ಕೊನೆಯ ಸಾಲಿನಲ್ಲಿ ಕೂತಿದ್ದಳು. ತನ್ನ ಬೀಜಗಳನ್ನು ಹಾಕಿರಲೇ ಇಲ್ಲ. ಮುಷ್ಟಿಯಲ್ಲೇ ಇದ್ದವು.

ನಾನು ಎದ್ದೆ. ಮೊಣಕಾಲು ನೋವು, ಬೆಂಚು ಹಿಡಿದುಕೊಂಡೇ ನಿಂತೆ.

"ಮೇಲಿಂದ ಫೋಟೋ ತಗುದ್ರೆ ಹೆಂಚು ಕಾಣ್ತದೆ ಸಾ. ಮಗ್ಗ ಕಾಣಕಿಲ್ಲ."

ಯಾರೋ ನಕ್ಕರು. ನಾನು ಮುಂದುವರಿಸಿದೆ. ನಿಂತುಬಿಟ್ಟರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಗೊತ್ತಿತ್ತು.

"ಆ ಹುಡುಗಿ ಎಲ್ಲಾ ಮನೆ ಒಸ್ಲೂ ತುಳಿದವಳೆ. ಮಳೇಲಿ ನೆಂದವಳೆ. ಸುಳ್ಳು ಯೋಳಿದ್ದು ನಾವು, ಯೋಳ್ಸಿದ್ದು ನಾನು. ಈ ಚೀಲದ ದಾರ ಬಿಚ್ಚಿದ್ರೆ ಒಂದು ಕಮ್ಮಿ ಯೋಳಿ ಅಂದಿದ್ದೆ. ನಮ್ಮನೇಲಿ ಮೂರು ಮಗ್ಗ ಅವೆ. ಒಂದು ಅಂದೆ. ಅವಳ ಹೆಸ್ರು ತಗಿಯದಾದ್ರೆ ಮೊದ್ಲು ನನ್ನ ತಗೀರಿ. ಆದ್ರೆ ನನ್ನ ಹೆಸ್ರು ನಿಮ್ಮ ಕೆಲ್ಸದೋರ ಪಟ್ಟೀಲಿ ಎಲ್ಲೂ ಇಲ್ವಲ್ಲ, ಏನ್ ತಗೀತಿರಿ."

ನಾಗೇಶ ಏನೋ ಹೇಳಲು ಹೋದ. ಸಾಹೇಬರು ಕೈ ಎತ್ತಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾಕೆ ಹಾಗೆ ಮಾಡಿದಿರಿ ಅಮ್ಮ?"

"ಕಾರ್ಡು ಓಯ್ತದೆ ಅಂತ."

"ಈ ಲೆಕ್ಕವನ್ನ ಒಂದೊಂದು ಮನೆಯ ಹೆಸರು ಹಿಡಿದು ಬೇರೆ ಯಾವ ಆಫೀಸಿಗೂ ಕೊಡೋ ಹಾಗಿಲ್ಲ. ಕಾನೂನೇ ಇದೆ."

"ಇರಬೈದು. ಅದ ಯೋಳಕೆ ಯಾರೂ ನಮ್ಮ ಬೀದಿಗೆ ಬರ್ನಿಲ್ಲ. ಎಣಿಸಕೆ ಮಾತ್ರ ಬತ್ತೀರಿ."

ಅವರು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡರು. "ಏನು ಮಾಡಿದರೆ ನಿಜ ಹೇಳ್ತೀರಿ?" ಎಂದು ಕೇಳಿದರು. ಅದುವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ, ಮನೆಯಲ್ಲಿ ಕೂಡ.

"ಬಂದವಳೇ ಮತ್ತೆ ಬರ್ಬೇಕು ಸಾ. ಪ್ರತಿ ಸಲ ಹೊಸಬರು ಬಂದ್ರೆ ನಾವು ಹೊಸಬರಿಗೆ ಯೋಳದು ಸುಳ್ಳೇಯ. ಮಗ್ಗಕ್ಕೆ ಹೊಸ ಹಾಸು ಏರಿಸ್ವಾಗ ಹಳೇ ಎಳೆ ಕಿತ್ತಾಕಲ್ಲ ನಾವು. ಒಂದೊಂದು ಹೊಸ ಎಳೇನೂ ಹಳೇ ಎಳೆ ತುದಿಗೆ ಹೊಸೆದು ಕೂಡುಸ್ತೀವಿ. ಹಳೇದ ಕತ್ತರಿಸಿದ್ರೆ ಮೊದಲಿಂದ ಪೋಣಿಸಬೇಕು, ಕಣ್ಣು ಓಯ್ತವೆ. ಈ ಹುಡುಗಿಗೆ ಬೀದಿ ಗೊತ್ತಾಗದೆ. ಇವಳ ಕಿತ್ತಾಕಿ ಮಿಷಿನ್ನು ತಂದ್ರೆ ಮಿಷಿನ್ನ ಕಣ್ಣಿಗೂ ನಾನು ಎಲೆಯಡಿಕೆ ಚೀಲ ಬಿಚ್ತೀನಿ."

ಮುಂದೆ ಹೋಗಿ ಏಳು ಬೀಜವನ್ನು ಜನದ ತಟ್ಟೆಗೆ ಹಾಕಿದೆ. ಮೂರು ಕೈಯಲ್ಲಿ ಉಳಿದವು.

"ಅವು?" ಎಂದರು ಸಾಹೇಬರು.

"ಬರ್ಕಂಡೋದ್ದ ವಾಪಸ್ ತಂದು, ನೋಡಿ ಇಂಗೆ ಬರ್ದಿವಿ, ಸರಿಯಾ ಅಂತ ತೋರ್ಸಕೆ. ಅದಕ್ಕೆ ತಟ್ಟೆ ಇಟ್ಟಿಲ್ವಲ್ಲ ನೀವು."

ಸಾಹೇಬರ ಮುಂದೆ ಅರ್ಧ ಟೀ ಇತ್ತು. ಕುಡಿದು ಮುಗಿಸಿದರು. ಲೋಟದ ಕೆಳಗಿನ ಸಾಸರನ್ನು ಎತ್ತಿ, ಅಂಗಿಯ ತುದಿಯಿಂದ ಒರೆಸಿ, ನಾಲ್ಕು ತಟ್ಟೆಯ ಪಕ್ಕ ಇಟ್ಟರು. ನಾನು ಮೂರು ಬೀಜ ಹಾಕಿದೆ. ಹಿಂದಿನ ಸಾಲಿನಿಂದ ಲಲಿತ ಎದ್ದು ಬಂದು ತನ್ನ ಮುಷ್ಟಿ ಅದರಲ್ಲೇ ಬಿಚ್ಚಿದಳು.

ಸಾಹೇಬರು ದೊಡ್ಡ ಮಾತು ಏನೂ ಆಡಲಿಲ್ಲ. "ಬರೀತೀನಿ. ಮೇಲಿನವರು ಓದ್ತಾರೋ ಇಲ್ಲವೋ ಹೇಳಕ್ಕಾಗಲ್ಲ" ಎಂದರು. ಲಲಿತಳ ಕಡೆ ತಿರುಗಿ, "ನಾಳೆ, ನಾಡಿದ್ದು, ಎರಡು ದಿನ. ಬೀದಿ ಮತ್ತೆ ಎಣಿಸು. ನನ್ನ ಕಿವಿಗೆ ಕೇಳಿದ್ದಕ್ಕೂ ನಿನ್ನ ಲೆಕ್ಕಕ್ಕೂ ತಾಳೆ ಆದರೆ ಹೆಸರು ಇರುತ್ತೆ. ಆಗದಿದ್ದರೆ ನನ್ನ ಕೈಲೂ ಇಲ್ಲ" ಎಂದರು.

ನಾನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ತಾಯಮ್ಮ ನಲ್ಲಿಯ ಹತ್ತಿರ ನನಗೆ ಕೇಳಿಸುವ ಹಾಗೆ ಇನ್ನೊಬ್ಬಳಿಗೆ ಹೇಳಿದಳು. "ಬೀದಿಗೆಲ್ಲ ಸುಳ್ಳು ಕಲಿಸ್ದವಳು, ತಾನೊಬ್ಬಳು ಸಭೇಲಿ ಸತ್ಯವಂತೆ ಆಗಿ ಬಂದವಳೆ. ನಮ್ಮ ಕಾರ್ಡು ಓದ್ರೆ ಆ ಸಾಸರಲ್ಲಿ ಅಕ್ಕಿ ಕೊಡ್ತಳಾ?"

ಸರಿಯಾಗಿಯೇ ಕೇಳಿದಳು. ಮಗ ಉಣ್ಣುವಾಗ, "ಕಾರ್ಡು ಓದ್ರೆ ಆಫೀಸಿನ ಮುಂದೆ ನೀನೇ ನಿಂತ್ಕವ್ವ, ನಾನ್ ಬರಲ್ಲ" ಎಂದ. ಸೊಸೆ ಎದ್ದು ಹೋಗಿ ಹಿಂದಿನ ಕೋಣೆಯ ಬಾಗಿಲ ಪಕ್ಕದಲ್ಲೇ ಇದ್ದ ಗೋಣಿಚೀಲ ಹಿತ್ತಲಿಗೆ ಒಯ್ದಳು.

ಆಮೇಲೆ ಏನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಕಾರ್ಡು ಯಾರದ್ದೂ ಹೋಗಲಿಲ್ಲ. ಸಾಹೇಬರ ಕಾಗದವನ್ನು ಮೇಲೆ ಯಾರು ಓದಿದರೋ ತಿಳಿಯದು. ಟ್ಯಾಬು ಹೋಗಿ ಹೊಸ ಮೊಬೈಲುಗಳಂತೂ ಬಂದವು. ಪೊನ್ನಮ್ಮನ ದೊಡ್ಡಿಗೆ ಈಗ ತಿಂಗಳಿಗೊಮ್ಮೆ ನರ್ಸಮ್ಮ ಹೋಗುತ್ತಾಳಂತೆ, ನಾನು ನೋಡಿಲ್ಲ. ಲಲಿತ ಉಳಿದಳು, ಈಗಲೂ ಕಾಂಟ್ರಾಕ್ಟೇ. ಹೋದ ವಾರ ಬಂದ ಹುಡುಗಿಯನ್ನು ಕಳಿಸಿದವಳು ಅವಳು. ಆ ಹುಡುಗಿ ಮೊಬೈಲು ತೆಗೆಯುವ ಮೊದಲು ಚೀಲದಿಂದ ಒಂದು ಹಾಳೆ ತೆಗೆದು, "ಹೋದ ಸಲ ನಿಮ್ಮ ಬೀದೀದು ಇಂಗೆ ಬರ್ದವ್ರೆ ಅಜ್ಜಿ, ಸರಿಯಾ ನೋಡಿ" ಎಂದಳು. ಹಾಳೆ ಕಳಿಸುವ ಬುದ್ಧಿ ಸಾಹೇಬರ ಕಾಗದದಿಂದ ಬಂತೋ, ಲಲಿತಳ ತಲೆಯಿಂದ ಬಂತೋ, ನಾನು ಕೇಳಲಿಲ್ಲ.

ಆದರೆ ಆ ರಾತ್ರಿ ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಬೀದಿ ಬಾಯಿ ಬಿಡುತ್ತದೋ ಇಲ್ಲವೋ, ಅದೂ ಗೊತ್ತಿರಲಿಲ್ಲ.

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಲಲಿತ ಬಂದಳು. ಒಳಗೆ ಕರೆಯಲಿಲ್ಲ, ಜಗುಲಿಯ ಮೇಲೆ, ಬೀದಿಗೆ ಕಾಣುವ ಹಾಗೆ ಕೂರಿಸಿದೆ. ಎದುರುಮನೆಯ ಬಾಗಿಲಲ್ಲಿ ತಾಯಮ್ಮ ಕೈ ಕಟ್ಟಿ ನಿಂತಿದ್ದಳು.

"ಮೊದ್ಲು ನಮ್ಮನೆ ಬರ್ಕ" ಎಂದೆ, ಗಟ್ಟಿಯಾಗಿ. "ಮಗ್ಗ ಮೂರು. ಮುಂದೆ ಒಂದು, ಇಂದೆ ಎರಡು. ಓಗಿ ಮುಟ್ಟಿ ನೋಡ್ಕಂಡು ಬಾ."

ಅವಳು ಹೋಗಿ ನೋಡಿ ಬಂದಳು. ಬರೆದಳು. ಆಮೇಲೆ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದಳು. ಹೆಸರು ಚೌಡಮ್ಮ, ವಯಸ್ಸು ಅರವತ್ತೆಂಟು. ಕೆಲಸ?

ನನ್ನ ಬಾಯಿಗೆ ಹಳೆಯ ಉತ್ತರವೇ ಬಂತು. ಅದನ್ನು ನುಂಗಿ, ನನ್ನ ತೋರುಬೆರಳು ನೋಡಿಕೊಂಡೆ. ನೂಲು ಹರಿದು ಹರಿದು ಅಲ್ಲೊಂದು ಗೀರು ಬಿದ್ದಿದೆ, ತೊಳೆದರೆ ಹೋಗುವುದಲ್ಲ.

"ಕಂಡಿಕೆ ಸುತ್ತದು" ಎಂದೆ. "ಒಂಬತ್ತನೇ ವಯಸ್ಸಿಂದ. ಬರ್ಕ."

ಬರೆದುಕೊಂಡಳು. ಎದುರು ಬಾಗಿಲಲ್ಲಿ ತಾಯಮ್ಮ ಕೈ ಬಿಚ್ಚಿದಳೋ ಇಲ್ಲವೋ ನಾನು ನೋಡಲಿಲ್ಲ. ಸೊಂಟದಿಂದ ಎಲೆಯಡಿಕೆ ಚೀಲ ಬಿಚ್ಚಿ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ. ಎರಡೂ ಕೈ ಖಾಲಿ ಬಿಟ್ಟುಕೊಂಡು, ಲಲಿತಳಿಗಿಂತ ಒಂದು ಹೆಜ್ಜೆ ಮುಂದೆ, ತಾಯಮ್ಮನ ಮನೆಯ ಕಡೆಗೆ ಬೀದಿ ದಾಟಿದೆ.